ಪುಸ್ತಕಕ್ಕೊಂದು ಮಣೆ

ಈಗಿನ ಪುಸ್ತಕಗಳಿಗೆ ತೆರೆದುಕೊಂಡಿರುವುದು ಒಗ್ಗುವುದೇ ಇಲ್ಲ. ನಡುವೆ ಅಂಗೈ ಒತ್ತಿ, ಬೆನ್ನು ಲಟಕ್ ಎನ್ನುವಷ್ಟು ಅಗಲಿಸಿ ಇಟ್ಟರೂ ಕೈ ತೆಗೆದ ಮರುಕ್ಷಣ ಮೆಲ್ಲಗೆ ಎದ್ದು ಮುಚ್ಚಿಕೊಳ್ಳುತ್ತವೆ. ತಪ್ಪು ಬೈಂಡಿಂಗಿನದು. ಹಿಂದೆ ಫಾರಂಗಳನ್ನು ಮಡಿಸಿ, ದಾರದಲ್ಲಿ ಹೊಲಿದು, ಆಮೇಲೆ ರಟ್ಟು ಹಾಕುತ್ತಿದ್ದರು. ಅಂಥ ಪುಸ್ತಕ ತೆರೆದ ಕಡೆ ತೆರೆದೇ ಇರುತ್ತದೆ. ಈಗ ಹಾಳೆಗಳ ಬೆನ್ನನ್ನು ಕತ್ತರಿಸಿ, ಗೋಂದು ಸವರಿ, ರಕ್ಷಾಪುಟಕ್ಕೆ ಅಂಟಿಸಿಬಿಡುತ್ತಾರೆ. ಗೋಂದು ಒಣಗಿ ಬಿಗಿದುಕೊಂಡ ಮೇಲೆ ಪುಸ್ತಕವನ್ನು ಬಿಡಿಸಿಡಲು ಯಾವಾಗಲೂ ಒಂದು ಕೈ ಬೇಕೇ ಬೇಕು.

ಓದುವುದಷ್ಟೇ ಕೆಲಸವಾಗಿರುವ ಪುಣ್ಯವಂತರಿಗೆ ಇದೊಂದು ತೊಂದರೆಯಲ್ಲ. ನನ್ನ ಎರಡೂ ಕೈಗಳು ಬೆಳಗಿನ ಹೊತ್ತು ಹಿಟ್ಟಿನಲ್ಲೋ ಸಿಂಕಿನಲ್ಲೋ ಇರುತ್ತವೆ. ಮಕ್ಕಳ ಪಾಠವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ನಮ್ಮ ಮಕ್ಕಳಿಬ್ಬರೂ ಶಾಲೆಗೆ ಹೋಗುವುದಿಲ್ಲ. ಅದಕ್ಕೆ ಬಹಳ ದೊಡ್ಡ ಕಾರಣಗಳಿವೆ ಎಂದು ಶುರುವಿನಲ್ಲಿ ನಾನೂ ಇವರೂ ರಾತ್ರಿಯೆಲ್ಲ ಮಾತಾಡಿಕೊಂಡಿದ್ದೆವು. ಈಗ ಯಾರಾದರೂ ಕೇಳಿದರೆ ಥಟ್ಟನೆ ಒಂದೂ ನೆನಪಿಗೆ ಬರುವುದಿಲ್ಲ. ಪಾಠದ ಕೋಣೆ ಅಂತ ಒಂದನ್ನು ಸಜ್ಜು ಮಾಡಿದ್ದೆವು, ಗೋಡೆಗೆ ಭೂಪಟ, ಕರಿಹಲಗೆ, ಎರಡು ಪುಟ್ಟ ಮೇಜು. ಅಲ್ಲೀಗ ಇಸ್ತ್ರಿಗೆ ಕೊಡುವ ಬಟ್ಟೆ ಇರುತ್ತದೆ. ಪಾಠ ನನ್ನ ಹಿಂದೆಯೇ ಬಂದು ಅಡುಗೆಮನೆ ಸೇರಿತು.

ಮೊದಮೊದಲು ಪುಸ್ತಕವನ್ನು ಕಟ್ಟೆಯ ಮೇಲೆ ಮಲಗಿಸಿ, ಒಂದು ಕಡೆ ಲಟ್ಟಣಿಗೆ, ಇನ್ನೊಂದು ಕಡೆ ಉಪ್ಪಿನ ಭರಣಿ ಇಡುತ್ತಿದ್ದೆ. ಉಪ್ಪು ಹಾಕಬೇಕಾದಾಗ ಇತಿಹಾಸ ಮುಚ್ಚಿಹೋಗುತ್ತಿತ್ತು, ಚಪಾತಿ ಒರೆಯಲು ಹೊರಟರೆ ಭೂಗೋಳ. ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿ ನೋಡಿದೆ. ಸಾಲಿನ ಕೊನೆಯ ಎರಡು ಅಕ್ಷರ ಕ್ಲಿಪ್ಪಿನಡಿ ಸಿಕ್ಕಿ, ಮಗ ಅವನ್ನು ತನ್ನ ಇಷ್ಟದಂತೆ ಊಹಿಸಿ ಓದುತ್ತಿದ್ದ. ಅಕ್ಬರ ಸೋತದ್ದೂ ಗೆದ್ದದ್ದೂ ಅವನ ಅಂದಿನ ಮನಃಸ್ಥಿತಿಯನ್ನು ಅವಲಂಬಿಸಿತ್ತು.

ಆಗ ಬಂದದ್ದು ಈ ಸ್ಟ್ಯಾಂಡು. ತಂತಿಯ ಚೌಕಟ್ಟು, ಹಿಂದೆ ಒಂದು ಕಾಲು, ಆ ಕಾಲನ್ನು ಸಿಕ್ಕಿಸಲು ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಚ್ಚುಗಳು. ಯಾವ ಕಚ್ಚಿಗೆ ಸಿಕ್ಕಿಸಿದರೆ ಅಷ್ಟು ಓರೆ. ಮುಂದೆ ಪುಟ ಹಿಡಿದಿಡಲು ಎರಡು ಸ್ಪ್ರಿಂಗ್ ಕೈಗಳು, ತುದಿಗೆ ಪ್ಲಾಸ್ಟಿಕ್ ಟೋಪಿ. ಮಡಿಸಿದರೆ ಒಂದು ಸ್ಲೇಟಿನಷ್ಟಾಗಿ ಚೀಲಕ್ಕೆ ಇಳಿಯುತ್ತದೆ. ಎಡಗೈಯ ಟೋಪಿ ಬಂದ ವಾರದಲ್ಲೇ ಎಲ್ಲೋ ಬಿದ್ದುಹೋಯಿತು. ಬೋಳು ತಂತಿ ಹಾಳೆಯ ಮೇಲೆ ಗೀಚುತ್ತಿದ್ದುದರಿಂದ ಮಗಳು ಅದಕ್ಕೆ ಒಂದು ಬಟಾಣಿಯನ್ನು ನೆನೆಸಿ ಚುಚ್ಚಿದಳು. ಒಣಗಿದ ಮೇಲೆ ಅದು ಗಟ್ಟಿಯಾಗಿ ಕೂತುಬಿಟ್ಟಿತು. ಇಂದಿಗೂ ನಮ್ಮ ಎಡಪುಟಗಳನ್ನೆಲ್ಲ ಹಿಡಿದಿರುವುದು ಆ ಬಟಾಣಿಯೇ.

ಅತ್ತೆಗೆ ಸ್ಟ್ಯಾಂಡು ಹಿಡಿಸಲಿಲ್ಲ. "ಮನೇಲಿ ವ್ಯಾಸಪೀಠ ಇರುವಾಗ ಈ ಇಲಿಬೋನಿಗೆ ದುಡ್ಡು ಕೊಟ್ಟು ತಂದ್ಯಾ?" ಅಂದರು.

ವ್ಯಾಸಪೀಠ ಇರುವುದು ನಿಜ. ದೇವರಮನೆಯಲ್ಲಿ, ಮಾವನವರ ಕಾಲದ್ದು, ಹಲಸಿನ ಮರದ್ದು. ಅದನ್ನು ಕೈಗೆತ್ತಿಕೊಂಡು ನೋಡಿದರೆ ಬಡಗಿಯ ಬುದ್ಧಿಗೆ ತಲೆದೂಗಲೇಬೇಕು. ಇಡೀ ಪೀಠ ಒಂದೇ ಹಲಗೆ. ಹಲಗೆಯ ದಪ್ಪವನ್ನು ಎರಡು ತುದಿಗಳಿಂದಲೂ ಸೀಳುತ್ತ ಬಂದು, ಮಧ್ಯದಲ್ಲಿ ಮಾತ್ರ ಹಲ್ಲುಗಳನ್ನು ಒಂದರೊಳಗೊಂದು ಸಿಕ್ಕುವಂತೆ ಕೆತ್ತಿದ್ದಾರೆ. ಮೊಳೆಯಿಲ್ಲ, ತಿರುಗಣಿಯಿಲ್ಲ. ಬಿಡಿಸಿದರೆ ಕತ್ತರಿಯಾಗಿ ನಿಲ್ಲುತ್ತದೆ, ಮಡಿಸಿದರೆ ಮತ್ತೆ ಹಲಗೆ. ಪೂರ್ತಿ ಬೇರ್ಪಡಿಸಲು ಬರುವುದಿಲ್ಲ, ಮುರಿಯಬೇಕಷ್ಟೆ. ಮಸೀದಿಗಳಲ್ಲಿ ಕುರಾನ್ ಇಟ್ಟು ಓದುವ ರೆಹಲೂ ಇದೇ ಕೆತ್ತನೆಯದು. ಎದುರು ಮನೆಯ ಆಂಟಿ ಒಮ್ಮೆ ಅರಿಶಿನ ಕುಂಕುಮಕ್ಕೆ ಬಂದವರು ಅದನ್ನು ನೋಡಿ, "ನಿಮ್ಮನೇಲೂ ರೆಹಲ್ ಇದ್ಯಾ?" ಎಂದು ಕೇಳಿದ್ದರು. ಅವರ ತವರಿನ ಪಕ್ಕದ ಮನೆಯಲ್ಲಿ ಅವರು ನೋಡಿದ್ದದ್ದು ಅದೊಂದೇ.

ಆದರೆ ವ್ಯಾಸಪೀಠ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಅಳತೆಗೆ ಮಾಡಿದ್ದು. ಅಡುಗೆ ಕಟ್ಟೆಯ ಮೇಲಿಟ್ಟರೆ ನಿಂತವರಿಗೆ ಪುಟ ಕಾಣಿಸದೆ ಬರೀ ಅಂಚು ಕಾಣಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಈರುಳ್ಳಿ ಹೆಚ್ಚುವ ಜಾಗಕ್ಕೆ ಅದನ್ನು ತರಲು ಅತ್ತೆ ಒಪ್ಪುವವರಲ್ಲ. ಬೈದದ್ದು ಸ್ಟ್ಯಾಂಡನ್ನು, ಬೇಕಾಗಿದ್ದದ್ದು ಪೀಠದ ಪ್ರಶಂಸೆ. ಅದನ್ನು ಧಾರಾಳವಾಗಿ ಸಲ್ಲಿಸಿದೆ. ಇಲಿಬೋನು ಉಳಿಯಿತು.

ಮಕ್ಕಳನ್ನು ಮನೆಯಲ್ಲೇ ಓದಿಸುವವರಿಗೆ ಬರುವ ಅತಿಥಿಗಳು ಸುಮ್ಮನೆ ಬರುವುದಿಲ್ಲ, ಅರ್ಧ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ. ಕಾಫಿ ಕುಡಿಯುತ್ತ ಮಗನನ್ನು ಹತ್ತಿರ ಕರೆದು, "ಹದಿನೇಳರ ಮಗ್ಗಿ ಹೇಳು ನೋಡೋಣ" ಅನ್ನುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಯಾರೂ ಹದಿನೇಳರ ಮಗ್ಗಿ ಕೇಳಿದ್ದು ನಾನು ಕಂಡಿಲ್ಲ. ಆಮೇಲೆ ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ ಏನನ್ನುತ್ತದೆ ಎಂದು ನಮ್ಮ ಚಿಕ್ಕಪ್ಪನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹದಿನಾಲ್ಕು ತುಂಬಿದ ಮೇಲೆ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು, 1989ರಿಂದಲೂ ಆ ಸಂಸ್ಥೆ ಇದೆ, ಎಂದು ನಾನು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ತಲೆಯಾಡಿಸುತ್ತ ಮನೆಯ ಸುತ್ತ ಕಣ್ಣಾಡಿಸುತ್ತಾರೆ, ಶಾಲೆಯ ಯಾವುದಾದರೊಂದು ಕುರುಹು ಸಿಕ್ಕೀತೆಂದು. ಗಂಟೆಯಿಲ್ಲ, ಯೂನಿಫಾರಂ ಇಲ್ಲ, ವೇಳಾಪಟ್ಟಿಯಂತೂ ಫ್ರಿಜ್ಜಿನ ಮೇಲೆ ಹಾಲಿನ ಲೆಕ್ಕದಡಿ ಹೂತುಹೋಗಿದೆ. ಕೊನೆಗೆ ಅವರ ಕಣ್ಣು ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಎದೆಯೆತ್ತಿ ನಿಂತ ಗಣಿತದ ಪುಸ್ತಕ! ಮುಖದಲ್ಲಿ ಸ್ವಲ್ಪ ಸಮಾಧಾನ ಮೂಡುತ್ತದೆ. ಇದನ್ನು ಮೊದಲು ಗಮನಿಸಿದವರು ಇವರು. ಈಗ ಕೆಳಗೆ ಗೇಟಿನ ಸದ್ದಾದರೆ ಸಾಕು, ಸ್ಟ್ಯಾಂಡನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ಊಟದ ಮೇಜಿನ ಮೇಲಿಟ್ಟು, ಕಷ್ಟದ ಪುಟವೊಂದನ್ನು ಹುಡುಕಿ ತೆರೆದಿಡುತ್ತಾರೆ. ನಾನು ಬೇಡ ಅಂದದ್ದಿಲ್ಲ.

ಅಡುಗೆಮನೆಯ ಗಣಿತಕ್ಕೆ ಅದರದೇ ಅಪಾಯಗಳಿವೆ. ಒಂದು ದಿನ ಮಗ 345ನ್ನು 15ರಿಂದ ಭಾಗಿಸುತ್ತಿದ್ದ. ನಾನು ತಿಳಿಸಾರಿಗೆ ಒಗ್ಗರಣೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವನು ಉತ್ತರ 2.3 ಅಂದ. ಪುಸ್ತಕದ ಹಿಂದೆ 23 ಅಂತಿತ್ತು. ಎರಡು ಸಲ ಮಾಡಿಸಿದೆ, ಎರಡು ಸಲವೂ 2.3. "ಪುಸ್ತಕದ್ದೇ ತಪ್ಪು ಅಮ್ಮಾ" ಎಂದು ಗಂಭೀರವಾಗಿ ಘೋಷಿಸಿದ. ಹತ್ತಿರ ಹೋಗಿ ನೋಡಿದರೆ 4ಕ್ಕೂ 5ಕ್ಕೂ ನಡುವೆ, ಸರಿಯಾಗಿ ಅಡಿಗೆರೆಯ ಮೇಲೆ, ಒಂದು ಸಾಸಿವೆ ಕಾಳು ಸಿಡಿದು ಬಂದು ಕೂತಿತ್ತು. ಉಗುರಿನಿಂದ ಎತ್ತಿದೆ. ಎಣ್ಣೆಯ ಕಲೆ ಉಳಿಯಿತು, ದಶಮಾಂಶ ಹೋಯಿತು. ಅವನೇನೂ ಒಪ್ಪಲಿಲ್ಲ. ತಾನು ಲೆಕ್ಕ ಮಾಡುವಾಗ ಬಿಂದು ಇತ್ತು, ಆದ್ದರಿಂದ ತನ್ನ ಉತ್ತರವೇ ಸರಿ, ನಾನು ಆಮೇಲೆ ಪ್ರಶ್ನೆಯನ್ನು ಬದಲಾಯಿಸಿದೆ ಎಂಬುದು ಅವನ ವಾದ. ಯೋಚಿಸಿದರೆ ಅವನ ಮಾತಿನಲ್ಲಿ ದೋಷ ಹುಡುಕುವುದು ಕಷ್ಟ.

ಇಂಥ ಹೊತ್ತಿನಲ್ಲಿ ನನಗೆ ಜೇಮ್ಸ್ ಮಿಲ್ ನೆನಪಾಗುತ್ತಾನೆ. ಭಾರತಕ್ಕೆ ಒಮ್ಮೆಯೂ ಕಾಲಿಡದೆ ಬ್ರಿಟಿಷ್ ಭಾರತದ ಇತಿಹಾಸವನ್ನು ಸಂಪುಟಗಟ್ಟಲೆ ಬರೆದ ಮಹಾನುಭಾವ. ಆತನೂ ಮಗನನ್ನು ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಕಲಿಸಿದ. ಮಗ ಜಾನ್ ಸ್ಟುವರ್ಟ್ ಮಿಲ್ ಮೂರನೆಯ ವಯಸ್ಸಿಗೆ ಗ್ರೀಕ್ ಶುರು ಮಾಡಿದವನು. ಅಪ್ಪ ಇತಿಹಾಸ ಬರೆಯುತ್ತಿದ್ದ ಮೇಜಿನಲ್ಲೇ ಮಗನೂ ಕೂತು ಗ್ರೀಕ್ ಓದಬೇಕು. ಆಗ ಗ್ರೀಕಿನಿಂದ ಇಂಗ್ಲಿಷಿಗೆ ನಿಘಂಟು ಇರಲಿಲ್ಲ, ಇದ್ದದ್ದು ಲ್ಯಾಟಿನ್ನಿನದು, ಹುಡುಗನಿಗೆ ಇನ್ನೂ ಲ್ಯಾಟಿನ್ ಬರುತ್ತಿರಲಿಲ್ಲ. ಹಾಗಾಗಿ ಗೊತ್ತಿಲ್ಲದ ಒಂದೊಂದು ಪದಕ್ಕೂ ಅಪ್ಪನನ್ನೇ ಕೇಳಬೇಕಿತ್ತು. ಮಹಾ ಮುಂಗೋಪಿಯಾದ ಅಪ್ಪ ಅದನ್ನೆಲ್ಲ ಸಹಿಸಿಕೊಂಡು ಬರೆದ ಎಂದು ಮಗ ತನ್ನ ಆತ್ಮಕಥೆಯಲ್ಲಿ ನೆನೆಯುತ್ತಾನೆ. 1817ರ ಕೊನೆಗೆ ಹೊರಬಂದ ಆ ಇತಿಹಾಸ ನಮ್ಮ ಬಗ್ಗೆ ಅಷ್ಟು ಸಿಡುಕಿನಿಂದ ಇರುವುದಕ್ಕೆ ವಿದ್ವಾಂಸರು ಬೇರೆ ಬೇರೆ ಕಾರಣ ಕೊಡುತ್ತಾರೆ. ಮನೆಪಾಠ ಮಾಡುವವಳಾಗಿ ನನಗೆ ತೋರುವ ಕಾರಣ ಒಂದೇ, ಪ್ರತಿ ಸಾಲಿಗೂ ಪಕ್ಕದಿಂದ ಒಬ್ಬ ಹುಡುಗ "ಅಪ್ಪಾ, ಇದೇನು?" ಅನ್ನುತ್ತಿದ್ದರೆ ಯಾವ ದೇಶದ ಬಗ್ಗೆಯಾದರೂ ಒಳ್ಳೆಯ ಮಾತು ಹೇಗೆ ಬಂದೀತು? ಆತನಿಗೆ ಒಗ್ಗರಣೆಯ ಕಾಟ ಇರಲಿಲ್ಲ ಎನ್ನುವುದನ್ನೂ ಗಮನಿಸಬೇಕು.

ಸ್ಟ್ಯಾಂಡಿಗೆ ಒಂದು ಕೊರತೆ ಇದೆ. ಪುಟ ಹಿಡಿಯುತ್ತದೆ, ತಿರುಗಿಸುವುದಿಲ್ಲ. ಕೈಯಲ್ಲಿ ಅಕ್ಕಿರೊಟ್ಟಿಯ ಹಿಟ್ಟು ಮೆತ್ತಿಕೊಂಡಿರುವಾಗ ಪುಟ ಮುಗಿದರೆ ಮೊಣಕೈಯಿಂದ, ಒಮ್ಮೊಮ್ಮೆ ಮೂಗಿನಿಂದ ಪ್ರಯತ್ನಿಸಿದ್ದುಂಟು. ಅದಕ್ಕಾಗಿ ಒಂದು ಏರ್ಪಾಡು ತಾನಾಗಿ ಹುಟ್ಟಿಕೊಂಡಿತು. ಮಗಳು ಸ್ಟ್ಯಾಂಡಿನ ಪಕ್ಕ ಸ್ಟೂಲಿನ ಮೇಲೆ ಕೂತು ಜೋರಾಗಿ ಓದುತ್ತಾಳೆ, ಪುಟ ಅವಳೇ ತಿರುಗಿಸುತ್ತಾಳೆ. ನಾನು ರೊಟ್ಟಿ ತಟ್ಟುತ್ತ ಅರ್ಥ ಹೇಳುತ್ತೇನೆ. ಮಗನಿಗೆ ಬೆರಳು ನೆಕ್ಕಿ ಪುಟ ತಿರುಗಿಸುವ ಚಟ. "ಸರಸ್ವತಿಗೆ ಎಂಜಲು ಮಾಡ್ತೀಯಾ, ಕತ್ತೆ?" ಎಂದು ದೇವರಮನೆಯಿಂದಲೇ ಗದರಿಕೆ ಬರುತ್ತದೆ. ಅವರಿಗೆ ಅದು ಅಲ್ಲಿಂದ ಹೇಗೆ ಕಾಣುತ್ತದೋ.

ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು, "ನಿಮ್ಮ ಮಾವನವರು ಹೀಗೇ ಮಾಡ್ತಿದ್ದದ್ದು" ಅಂದರು. ಮಾವನವರು ರೊಟ್ಟಿ ತಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತೆ ಹೇಳುತ್ತಿದ್ದದ್ದು ಗಮಕದ ಮಾತು. ಶಿವಮೊಗ್ಗದ ಕಡೆ ತುಂಗೆಯ ದಡದಲ್ಲಿ ಹೊಸಹಳ್ಳಿ ಅಂತ ಊರಿದೆ, ಹೊಳೆಯಾಚೆ ಮತ್ತೂರು. ಮತ್ತೂರಿಗೆ ಸಂಸ್ಕೃತ, ಹೊಸಹಳ್ಳಿಗೆ ಗಮಕ. ಹೊಸಹಳ್ಳಿಯ ಕೇಶವಮೂರ್ತಿಗಳು ವಾಚನಕ್ಕೆ, ಮತ್ತೂರಿನ ಮಾರ್ಕಂಡೇಯ ಅವಧಾನಿಗಳು ವ್ಯಾಖ್ಯಾನಕ್ಕೆ ಕೂತರೆಂದರೆ ಮಾವನವರು ಎಲ್ಲಿದ್ದರೂ ಹೊರಡುತ್ತಿದ್ದರಂತೆ. 2022ರಲ್ಲಿ ಕೇಶವಮೂರ್ತಿಗಳಿಗೆ ಪದ್ಮಶ್ರೀ ಬಂದ ಸುದ್ದಿ ಕೇಳಿ ಅತ್ತೆ ಮನೆಯವರಿಗೆಲ್ಲ ಪಾಯಸ ಮಾಡಿದ್ದರು. ಕೇಳಿ ಕೇಳಿ ಮಾವನವರೂ ಊರಿನ ಗುಡಿಯಲ್ಲಿ ಕುಮಾರವ್ಯಾಸನನ್ನು ಓದತೊಡಗಿದರು. ಅವರ ಮುಂದೆ ಹಲಸಿನ ಪೀಠ, ಪೀಠದ ಮೇಲೆ ಭಾರತ. ಪಕ್ಕದಲ್ಲಿ ಅರ್ಥ ಹೇಳುವ ಶಾನುಭೋಗರು, ಅವರ ಮುಂದೆ ಏನೂ ಇಲ್ಲ. "ಓದೋರಿಗೆ ಪುಸ್ತಕ ಬೇಕು. ಹೇಳೋರಿಗೆ ಕೈ ಬೇಕು, ಭೀಮನ ಗದೆ ಎಷ್ಟು ದಪ್ಪ ಅಂತ ತೋರಿಸೋಕೆ" ಎಂದು ಅತ್ತೆ ತಮ್ಮ ಕೈಯನ್ನೇ ಅಗಲಿಸಿ ತೋರಿಸಿದರು.

ಆ ದಿನದಿಂದ ವ್ಯಾಖ್ಯಾನದ ಖಾತೆ ಮೆಲ್ಲಗೆ ನನ್ನ ಕೈತಪ್ಪಿತು. ಅತ್ತೆ ಸೊಪ್ಪು ಬಿಡಿಸುವ ನೆಪದಲ್ಲಿ ಬಂದು ಕೂರುತ್ತಾರೆ. ಮಗಳು ಮಣ್ಣಿನ ಪಾಠ ಓದಿದರೆ ಕಾಗದಾಳಿ ಮಣ್ಣು, ಜೇಡಿ, ಕೆಮ್ಮಣ್ಣು, ಯಾವುದರಲ್ಲಿ ಯಾವ ಗೆಡ್ಡೆ ಬರುತ್ತದೆ, ಯಾವ ಗೆಡ್ಡೆಗೆ ಎಷ್ಟು ಹುಣಿಸೆಹಣ್ಣು ಹಾಕಿದರೆ ನಾಲಿಗೆ ತುರಿಸುವುದಿಲ್ಲ, ಎಲ್ಲ ಬರುತ್ತದೆ. ಶಿವರಾಮ ಕಾರಂತರ ಬಾಲಪ್ರಪಂಚದ ಮೂರು ಸಂಪುಟ ಮಾವನವರ ಕಪಾಟಿನಲ್ಲಿದ್ದವು. 1936ರಲ್ಲಿ ಮೊದಲು ಬಂದ ಪುಸ್ತಕ. ಪುತ್ತೂರಿನಂಥ ಊರಿನಲ್ಲಿ ಕೂತು ಕನ್ನಡದ ಮಕ್ಕಳಿಗೆ ಇಡೀ ಜಗತ್ತನ್ನು ಮೂರು ಸಂಪುಟದಲ್ಲಿ ಹೇಳಿಬಿಡುತ್ತೇನೆ ಎಂದು ಹೊರಡಲು ಎಂಥ ಧೈರ್ಯ ಬೇಕು ಎಂದು ನನಗೆ ಈಗೀಗ ಗೊತ್ತಾಗುತ್ತಿದೆ, ನಾನು ಬರೀ ಎರಡು ಮಕ್ಕಳಿಗೆ ಹೇಳಲು ಹೆಣಗುತ್ತಿದ್ದೇನೆ. ಆ ಸಂಪುಟಗಳಿಗೆ ಮಾವನವರು ಹೊಲಿಗೆಯ ಬೈಂಡು ಹಾಕಿಸಿದ್ದರು. ಸ್ಟ್ಯಾಂಡಿನ ಮೇಲಿಟ್ಟರೆ ಬಟಾಣಿಯ ಸಹಾಯವಿಲ್ಲದೆ ತೆರೆದು ನಿಲ್ಲುತ್ತವೆ. ಭಾರ ಮಾತ್ರ ವಿಪರೀತ. ತಂತಿಯ ಕಾಲು ಕಚ್ಚಿನಿಂದ ಕಚ್ಚಿಗೆ ಜಾರಿ, ಓದುತ್ತ ಓದುತ್ತ ಪ್ರಪಂಚವೇ ಹಿಂದಕ್ಕೆ ಮಲಗಿಬಿಡುತ್ತದೆ.

ಸ್ಟ್ಯಾಂಡನ್ನು ತಂದದ್ದು ಕೈ ಖಾಲಿಯಾಗಲಿ ಎಂದು. ಅದು ಮಾಡಿದ್ದು ಬೇರೆಯೇ. ಮಡಿಲಲ್ಲಿಟ್ಟು ಓದುವ ಪುಸ್ತಕ ಓದುವವರೊಬ್ಬರದು. ಬೇರೆಯವರು ಬಗ್ಗಿ ನೋಡಿದರೆ ನಾವು ಸರಿದು ಕೂರುತ್ತೇವೆ. ಎದ್ದು ನಿಂತ ಪುಸ್ತಕಕ್ಕೆ ಅಂಥ ಸಂಕೋಚವಿಲ್ಲ, ದಾರಿಯಲ್ಲಿ ಹೋಗುವವರೆಲ್ಲ ಎರಡು ಸಾಲು ಓದಿಯೇ ಹೋಗುತ್ತಾರೆ. ಇವರು ಕಾಫಿ ಲೋಟ ಹಿಡಿದು ಹಾಯುವಾಗ ಓದುತ್ತಾರೆ. ನೀರಿನ ಕ್ಯಾನು ತರುವ ಹುಡುಗ ಕ್ಯಾನನ್ನು ಹೆಗಲಿನಿಂದ ಇಳಿಸುವ ಮೊದಲೇ ಓದುತ್ತಾನೆ.

ಎಕ್ಸಾಸ್ಟ್ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಏಣಿಯ ಮೇಲಿನಿಂದಲೇ ಓದಿದರು. ಅಂದು ತೆರೆದಿದ್ದದ್ದು ವಿದ್ಯುತ್ತಿನ ಪಾಠ, ಒಂದು ಬ್ಯಾಟರಿ, ಒಂದು ಬಲ್ಬು, ಒಂದು ಸ್ವಿಚ್ಚು ಇರುವ ಚಿತ್ರ. ಅವರು ಇಳಿದು ಬಂದು ಸ್ಕ್ರೂಡ್ರೈವರಿನ ತುದಿಯನ್ನು ಚಿತ್ರದ ಸ್ವಿಚ್ಚಿನ ಮೇಲಿಟ್ಟರು. "ಇದು ಬ್ಯಾಟರಿಗೆ ಸರಿ ಕಣಮ್ಮಾ. ಯಾವ ಕಡೆ ಹಾಕಿದ್ರೂ ನಡೆಯುತ್ತೆ. ಮನೇಲಿ ಮಾತ್ರ ಸ್ವಿಚ್ಚು ಯಾವಾಗ್ಲೂ ಫೇಸಿಗೇ ಬರಬೇಕು." ನ್ಯೂಟ್ರಲ್‌ಗೆ ಹಾಕಿದರೆ ಏನಾಗುತ್ತದೆ ಎಂದು ಮಗಳು ಕೇಳಿದಳು. ಬಲ್ಬೇನೋ ಆರುತ್ತದೆ, ಆದರೆ ಹೋಲ್ಡರಿನ ತನಕ ಕರೆಂಟು ಬಂದು ಕಾಯುತ್ತಿರುತ್ತದೆ, ಆರಿದೆಯಲ್ಲ ಎಂದು ನಂಬಿ ಕೈ ಹಾಕಿದವನು ಕೆಟ್ಟ, ಅಂದರು. ಆಮೇಲೆ ಟೆಸ್ಟರನ್ನು ಅವಳ ಕೈಗೆ ಕೊಟ್ಟು ಸಾಕೆಟ್ಟಿನ ಎರಡು ತೂತುಗಳಲ್ಲಿ ಯಾವುದರಲ್ಲಿ ದೀಪ ಹತ್ತುತ್ತದೆ ನೋಡು ಎಂದರು. ಅಷ್ಟಕ್ಕೆ ನಿಲ್ಲದೆ, ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಪರೀಕ್ಷಿಸಿ, ಬಚ್ಚಲಮನೆಯದು ತಿರುಗುಮುರುಗಾಗಿದೆ ಎಂದು ಪತ್ತೆಹಚ್ಚಿ ಸರಿಮಾಡಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಪಾಠಕ್ಕೂ ತಗೊಳ್ಳಲಿಲ್ಲ. ನಮ್ಮ ಶಾಲೆಯ ಅಧ್ಯಾಪಕವೃಂದ ಹೀಗೆ ಬೆಳೆಯಿತು.

ಊರಿಗೆ ಹೋಗುವಾಗ ಸ್ಟ್ಯಾಂಡೂ ರೈಲು ಹತ್ತುತ್ತದೆ. ಮೈಸೂರಿನಿಂದ ಹಾಸನ, ಅರಸೀಕೆರೆ, ಬೀರೂರು ಹಾದು ಶಿವಮೊಗ್ಗಕ್ಕೆ ಹಗಲಿಡೀ ಪ್ರಯಾಣ. ಎದುರು ಸೀಟಿನವರು ಅದನ್ನು ನೋಡಿದ ಕೂಡಲೇ ಕೇಳುವುದು, "ಫೋನ್ ಇಡೋದಾ ಇದು?" ಪುಸ್ತಕ ಇಡೋದು ಅಂದರೆ ನಂಬುವುದಿಲ್ಲ, ಇಟ್ಟು ತೋರಿಸಬೇಕು. ಒಮ್ಮೆ ಒಬ್ಬರು ಯಜಮಾನರು ಅರಸೀಕೆರೆಯ ತನಕ ಮಗಳ ಪುಸ್ತಕವನ್ನು ತಲೆಕೆಳಗಾಗಿಯೇ ಓದುತ್ತ ಬಂದರು. ಕೊನೆಗೆ ತಡೆಯಲಾರದೆ, "ಸ್ವಲ್ಪ ನಿಧಾನಕ್ಕೆ ತಿರುಗ್ಸವ್ವಾ, ಆ ರಾಜ ಏನಾದ ಅಂತ ನಂಗೂ ಬೇಕು" ಅಂದರು. ಮಗಳು ಸ್ಟ್ಯಾಂಡನ್ನು ಅಡ್ಡಕ್ಕೆ ತಿರುಗಿಸಿ ಕಿಟಕಿಯ ಕಡೆ ಇಟ್ಟಳು. ಅವರು ಕಡಲೆಕಾಯಿ ಬಿಡಿಸಿ ಪುಸ್ತಕದ ಮುಂದಿನ ಅಂಚಿನ ಮೇಲೆ ಸಾಲಾಗಿ ಜೋಡಿಸುತ್ತ ಹೋದರು, ಇವಳಿಗೊಂದು, ತನಗೊಂದು.

ಈಗ ಮಗನಿಗೆ ಒಂದು ಸ್ಟ್ಯಾಂಡು ಸಾಲದಾಗಿದೆ. ಎಲ್ಲೋ ಒಂದು ಚಿತ್ರ ನೋಡಿದ್ದಾನೆ. ಇಟಲಿಯ ರಾಮೆಲ್ಲಿ ಎಂಬ ಯಂತ್ರಶಿಲ್ಪಿ 1588ರ ತನ್ನ ಯಂತ್ರಗಳ ಪುಸ್ತಕದಲ್ಲಿ ಬರೆದ ಓದುಚಕ್ರ. ಆಳೆತ್ತರದ ಗಾಲಿ, ಗಾಲಿಯ ಸುತ್ತ ಓರೆ ಹಲಗೆಗಳು, ಹಲಗೆಗೊಂದು ತೆರೆದ ಪುಸ್ತಕ. ಕುರ್ಚಿಯಲ್ಲಿ ಕೂತು ಗಾಲಿ ತಿರುಗಿಸಿದರೆ ಬೇಕಾದ ಪುಸ್ತಕ ಮುಂದೆ ಬರುತ್ತದೆ. ಗಾಲಿ ತಿರುಗಿದರೂ ಹಲಗೆಯ ಓರೆ ಕೆಡಬಾರದೆಂದು ರಾಮೆಲ್ಲಿ ಒಳಗೆ ಹಲ್ಲುಚಕ್ರಗಳ ದೊಡ್ಡ ಸಂಸಾರವನ್ನೇ ಹೂಡಿದ್ದಾನೆ. ಮಗ ಅದನ್ನು ಬಹಳ ಹೊತ್ತು ನೋಡಿ, "ಇಷ್ಟೆಲ್ಲ ಯಾಕೆ? ದಸರಾ ಎಕ್ಸಿಬಿಷನ್ ಜೈಂಟ್ ವೀಲಲ್ಲಿ ತೊಟ್ಟಿಲು ತಾನಾಗೇ ನೆಟ್ಟಗಿರುತ್ತಲ್ಲಾ?" ಅಂದ. ನೇತುಹಾಕಿದರೆ ಭಾರವೇ ಅದನ್ನು ನೆಟ್ಟಗಿಡುತ್ತದೆ. ನಾನು ಬಾಣಲೆ ಕೆಳಗಿಟ್ಟು ಯೋಚಿಸಿದೆ. ನಿಜವಲ್ಲವೇ.

ಅಪ್ಪನ ಹಳೇ ಸೈಕಲ್ಲಿನ ಹಿಂದಿನ ಚಕ್ರ ಹಾಲಿಗೆ ಬಂದಾಗಿದೆ. ಎಲೆಕ್ಟ್ರಿಷಿಯನ್ನರಿಗೆ ಫೋನು ಹೋಗಿ, ಹಳೇ ಸೀಲಿಂಗ್ ಫ್ಯಾನಿನ ಬೇರಿಂಗು ತಂದುಕೊಡುವ ಭರವಸೆ ಸಿಕ್ಕಿದೆ. ಅಡುಗೆಮನೆಗೆ ಈ ಚಕ್ರ ಬಂದರೆ ತಾವು ಅಂದೇ ಊರಿಗೆ ಹೊರಡುವುದಾಗಿ ಅತ್ತೆ ತಿಳಿಸಿದ್ದಾರೆ. ಹೊರಡುವ ಮುನ್ನ ಒಂದು ತೊಟ್ಟಿಲು ತಮ್ಮ ಪಂಚಾಂಗಕ್ಕೆ ಇರಲಿ ಎಂದೂ ಹೇಳಿದ್ದಾರೆ. ನಿನ್ನೆ ಇವರು ಟೇಪು ಹಿಡಿದು ಅಳೆದು, ಪುಸ್ತಕ ನೇತುಹಾಕಿದ ಮೇಲೆ ಚಕ್ರ ಅಡುಗೆಮನೆಯ ಬಾಗಿಲಲ್ಲಿ ತೂರುವುದಿಲ್ಲ ಎಂದು ವರದಿ ಒಪ್ಪಿಸಿದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಮಗ, "ಹಾಗಾದ್ರೆ ಒಲೇನ ಹಾಲಿಗೆ ತರೋಣ" ಅಂದ. ಅವರಪ್ಪ ಆಗಲೇ ಕಟ್ಟೆಯ ಕೆಳಗೆ ಬಗ್ಗಿ ಗ್ಯಾಸ್ ಪೈಪಿನ ಉದ್ದ ನೋಡುತ್ತಿದ್ದರು.